ಎರಡನೆಯ ರುಜು

ಆಕೆ ಉಸಿರು ಬಿಗಿಹಿಡಿದು, ಬ್ಲೇಡಿನಿಂದ ಸುರುಳಿಯಾಗಿ ಎದ್ದ ಮೇಣದ ಪದರವನ್ನು ಕುಂಚದ ತುದಿಯಲ್ಲಿ ಎತ್ತಿ ಬೆಚ್ಚನೆಯ ನೀರಿನ ಮೇಲೆ ಹರಡಿದಳು. ಅದರೊಳಗೆ ಯಾರದೋ ಗಡ್ಡೆಯ ತುಣುಕು. ಆಸ್ಪತ್ರೆಯ ಈ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ: ಕೊಯ್ದು, ಗಾಜಿಗೆ ಹತ್ತಿಸಿ, ಬಣ್ಣ ಹಾಕಿ, ಡಾಕ್ಟರ ಮುಂದಿಡುವುದು.

"ಇಲ್ಲೊಂದು ಸಹಿ ಹಾಕಿಬಿಡಿ ನೋಡೋಣ," ಎಂದರು ಸೂಪರಿಂಟೆಂಡೆಂಟು, ಕಾಗದ ಚಾಚಿ.

ಆಕೆಯ ತಂಗಿಯ ಎದೆಯ ಗಡ್ಡೆಯ ವರದಿ. 'ಕ್ಯಾನ್ಸರ್ ಅಲ್ಲ' ಎಂದಿತ್ತು. ಕೆಳಗೆ, ಕಿಟಕಿಯ ಬಳಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದ ಡಾಕ್ಟರಮ್ಮನ ರುಜು. ಪಕ್ಕದ ಜಾಗ ಖಾಲಿ. ಹೌದೆನ್ನಲಿ ಅಲ್ಲವೆನ್ನಲಿ, ಇಬ್ಬರು ಡಾಕ್ಟರು ನೋಡದೆ ಇಲ್ಲಿಂದ ವರದಿ ಹೊರಡುವಂತಿಲ್ಲ. ಎರಡನೆಯವರು ನಿವೃತ್ತರಾಗಿ ಎಂಟು ತಿಂಗಳು. ಅವರ ಕುರ್ಚಿಯ ಮೇಲೀಗ ಕಾಯುವ ಸ್ಲೈಡುಗಳ ಟ್ರೇಗಳು. ಸ್ಲೈಡನ್ನು ಬೇರೆ ಊರಿನ ಡಾಕ್ಟರಿಗೆ ಕಳಿಸಿದರೆ ಉತ್ತರಕ್ಕೆ ಇಪ್ಪತ್ತು ದಿನ.

"ನಾನು ಡಾಕ್ಟರಲ್ಲ ಸಾರ್."

"ಅಯ್ಯೋ, ಎಷ್ಟೋ ಡಾಕ್ಟರಿಗೆ ನೀವೇ ತೋರಿಸಿಕೊಟ್ಟಿಲ್ವಾ? 'ಸಹಾಯಕ ಪರೀಕ್ಷಕರು' ಅಂತ ಆರ್ಡರ್ ಮಾಡಿಸಿದೀನಿ. ನಿಮ್ಮ ತಂಗೀದೇ ಮೊದಲನೇದಾಗ್ಲಿ. ಪಾಪ, ಹೊರಗೆ ಕೂತಿದಾರೆ. ಕರ್ಕೊಂಡು ಮನೆಗೆ ಹೋಗಿ."

ಬಾಗಿಲ ಸಂದಿಯಲ್ಲಿ ಬೆಂಚು ಕಾಣುತ್ತಿತ್ತು. ತಂಗಿ ಮಡಿಲಲ್ಲಿದ್ದ ಚೀಲದ ಜಿಪ್ಪು ಎಳೆಯುತ್ತಿದ್ದಳು, ಮುಚ್ಚುತ್ತಿದ್ದಳು.

"ಡಾಕ್ಟ್ರೇ, ನಿಮಗೆ ಖಾತ್ರಿನಾ?" ಆಕೆ ಕೇಳಿದಳು.

ಡಾಕ್ಟರಮ್ಮ ಮೈಕ್ರೋಸ್ಕೋಪಿನಿಂದ ತಲೆ ಎತ್ತಿದರು. ಕಣ್ಣ ಸುತ್ತ ಕೆಂಪು ಬಳೆ ಮೂಡಿತ್ತು. "ಅಲ್ಲ ಅಂತಲೇ ಅನ್ಸುತ್ತೆ ಅಕ್ಕಾ. ಆದ್ರೆ ಅದು ಇವತ್ತಿನ ತೊಂಬತ್ತನೇ ಸ್ಲೈಡು. ಒಂದು ಮೂಲೆ ಮಾತ್ರ… ಇನ್ನೊಬ್ಬರು ನೋಡಿದ್ರೆ ಚೆನ್ನಾಗಿತ್ತು."

"ಇನ್ನೊಬ್ಬರು ಇವರೇ!" ಸೂಪರಿಂಟೆಂಡೆಂಟು ನಕ್ಕರು. "ಇವರ ಕಣ್ಣಿಗೆ ಹೆದರಿ ಗಡ್ಡೇನೇ ಕರಗಿಹೋಗುತ್ತೆ."

ಆಕೆ ಬೆಳಗ್ಗೆಯಿಂದ ಆ ಸ್ಲೈಡನ್ನು ಮೂರು ಸಲ ನೋಡಿದ್ದಳು. ಮೂರು ಸಲವೂ ಆ ಮೂಲೆ ಬಂದಾಗ ಗಾಜನ್ನು ಬೇಗ ಸರಿಸಿದ್ದು ತನ್ನ ಬೆರಳೇ.

"ಅವಳ ಸ್ಲೈಡಲ್ಲಿ ನನ್ನ ಕಣ್ಣಿಗೆ ಏನೂ ಕಾಣಲ್ಲ ಸಾರ್. ಕಾಣೋಕೆ ನಾನು ಬಿಡಲ್ಲ."

"ಸರಿ, ಇದೊಂದು ಬಿಡಿ. ಮಿಕ್ಕಿದ್ದಕ್ಕೆ ಹಾಕಿ."

"ಹಾಕಿದ್ರೆ ಆ ಕುರ್ಚಿ ತುಂಬಿತು ಅಂತ ಮೇಲಕ್ಕೆ ಬರೀತೀರ. ಆಮೇಲೆ ಇನ್ನೊಬ್ಬ ಡಾಕ್ಟ್ರು ಬರೋದೇ ಇಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದು ಮುಂದಿಟ್ಟರು. "ಇಪ್ಪತ್ತು ದಿನ ನಿಮ್ಮ ತಂಗಿಗೆ ಏನು ಹೇಳ್ತೀರಮ್ಮ?"

ನೀರಿನ ಮೇಲಿನ ಪದರ ಸುಕ್ಕು ಬಿಟ್ಟು ಅಗಲವಾಗಿತ್ತು. ಆಕೆ ಗಾಜನ್ನು ಅದರಡಿ ಮುಳುಗಿಸಿ ಮೆಲ್ಲಗೆ ಎತ್ತಿದಳು.

"ಹಾಕಲ್ಲ," ಎಂದಳು.