ಅಲಿಯವರ ಅಜ್ಜನ ಕೋವಿ

ಮರ ಅದೇ, ಕಬ್ಬಿಣ ಬೇರೆ. ಬಟ್ಟೆಯ ಸುತ್ತು ಬಿಚ್ಚಿದ ಕೂಡಲೇ ಪ್ರೇಮನಾಥನಿಗೆ ಹಾಗನ್ನಿಸಿತು.

ಕೋವಿ ಅವನಿಗೆ ವೀಸಾ ಕೊಟ್ಟ ಧಣಿ, ಕಫೀಲ್ ಅಲಿಯವರ ಅಜ್ಜನದು. ಎರಡನೇ ಮಹಾಯುದ್ಧದ ಕಾಲದ ಲೀ-ಎನ್‌ಫೀಲ್ಡ್. ಇಂಗ್ಲಿಷರ ಕೋವಿ, ಇಂಗ್ಲೆಂಡಿನಲ್ಲೇ ತಯಾರಾದದ್ದು ಎಂದು ಮನೆಮಂದಿಯೆಲ್ಲ ಎದೆಯುಬ್ಬಿಸಿ ಹೇಳಿಕೊಂಡು ಬಂದದ್ದು. ಮಗನ ಮದುವೆಯ ಕುಣಿತದಲ್ಲಿ ಹಿಡಿಯಬೇಕು, ಮರಕ್ಕೆ ಪಾಲಿಶ್ ಮಾಡಿಕೊಡು ಎಂದು ಅಲಿಯವರು ಮಸ್ಕತ್ತಿನ ವಾದಿ ಕಬೀರಿನ ವರ್ಕ್‌ಶಾಪಿಗೆ ತಂದುಕೊಟ್ಟಿದ್ದರು. ಗುಂಡು ಹಾರದ ಹಾಗೆ ಗುಂಡನ್ನು ನಳಿಗೆಗೆ ದೂಡುವ ಬೋಲ್ಟನ್ನು ಮಾತ್ರ ಕಳಚಿ ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಅಲ್ಲಿನ ಬಡಗಿ, ಕಾಪುವಿನ ಪ್ರೇಮನಾಥ ಮರಕ್ಕೆ ಎಣ್ಣೆ ಕುಡಿಸಿ, ಬಟ್ಟೆ ಸುತ್ತಿ, ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಆಗ ಕಬ್ಬಿಣದ ಮೇಲೆ ಯಾರೋ ತುಕ್ಕಿಗೆ ಹೆದರಿ ಬಳಿದ ದಪ್ಪ ಕಪ್ಪು ಪೈಂಟಿತ್ತು. ಈಗ ಕಬ್ಬಿಣ ಬೋಳಾಗಿ ಮಿರುಗುತ್ತಿದೆ, ಎಡಮಗ್ಗುಲಲ್ಲಿ ‘ಯು.ಎಸ್. ಪ್ರಾಪರ್ಟಿ’ ಎಂಬ ಇಂಗ್ಲಿಷ್ ಅಚ್ಚು ಬೇರೆ.

ಅಲಿಯವರು ಅದನ್ನು ಎರಡು ಸಲ ಓದಿದರು. ಆಮೇಲೆ ದನಿಯೇರಿಸದೆ ಕೇಳಿದರು, “ನನ್ನ ಅಜ್ಜನ ಕೋವಿ ಎಲ್ಲಿ?”

ಪೈಂಟು ಕಿತ್ತರೂ ಕಬ್ಬಿಣ ಮಿರುಗೀತು ಎಂಬ ಸಣ್ಣ ಮಾತು ಪ್ರೇಮನಾಥನ ತಲೆಗೆ ಬರಲಿಲ್ಲ. ಹೆದರಿದವನಿಗೆ ಬುದ್ಧಿ ಯಾವಾಗಲೂ ಕಡೆಯ ಬಸ್ಸಿಗೇ ಬರುವುದು. ಅವನಿಗೆ ಕಂಡದ್ದು ತನ್ನ ವೀಸಾ, ಈ ವರ್ಷ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರುವ ಮಗಳು ಅಕ್ಷಯಾ, ನಡುವರ್ಷದಲ್ಲಿ ಗಂಟುಮೂಟೆ ಕಟ್ಟಬೇಕಾದ ಹೆಂಡತಿ ದಮಯಂತಿ. ಅವರ ಬೆನ್ನಿಗೇ ಗ್ಯಾವಿನ್‌ನ ಮುಖವೂ ಕಂಡಿತು.

ಗ್ಯಾವಿನ್ ಶಿರ್ವದವನು, ವರ್ಕ್‌ಶಾಪಿನ ಫಿಟ್ಟರ್. ದಮಯಂತಿ ಮಸ್ಕತ್ತಿಗೆ ಬರುವ ಮೊದಲು ಅವನೂ ಪ್ರೇಮನಾಥನೂ ಒಂದೇ ರೂಮಿನಲ್ಲಿ ಒಂದೇ ಪಾತ್ರೆಯ ಗಂಜಿ ಉಂಡವರು. ಗ್ಯಾವಿನ್‌ನ ಟೂಲ್‌ಬಾಕ್ಸಿಗೆ ಎಂದೂ ಬೀಗವಿರಲಿಲ್ಲ, ಪ್ರೇಮನಾಥ ಕೇಳದೆಯೇ ಕೈಹಾಕಿ ಬೇಕಾದ್ದು ತೆಗೆಯುತ್ತಿದ್ದ. ಅಷ್ಟು ಸಲಿಗೆ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕೆಲಸದ ನೆಪದಲ್ಲಿ ಇವನು ಸುವೈಕಿಗೆ ಮತ್ತೆ ಮತ್ತೆ ಹೋಗುವುದೇಕೆ? ಹಳೆ ಕೋವಿ ಸಂಗ್ರಹಿಸುವ ಸುವೈಕಿನ ಫಾಹಿಮ್ ಮೊನ್ನೆ ವರ್ಕ್‌ಶಾಪಿಗೆ ಬಂದು ಈ ಕೋವಿಯನ್ನು ಆಸೆಗಣ್ಣಿನಿಂದ ನೋಡಿ ಹೋದನಲ್ಲ, ಅವನ ನಂಬರು ಇವನ ಫೋನಿನಲ್ಲೇಕೆ? ಹೊಸ ಫೋನು ಬೇರೆ. ಇವತ್ತೇ ಸುವೈಕಿಗೆ ಹೋಗಿ ಕೂತದ್ದೂ ಸುಮ್ಮನೆಯೇ?

“ಅರ್ಬಾಬ್,” ಎಂದ ಪ್ರೇಮನಾಥ ಧಣಿಗೆ, “ಕಪಾಟಿನ ಇನ್ನೊಂದು ಕೀ ಗ್ಯಾವಿನ್ ಹತ್ರ ಉಂಟು. ಸುವೈಕಿನ ಫಾಹಿಮ್ ನಂಬರೂ ಅವನ ಫೋನಿನಲ್ಲಿ ಉಂಟು. ಮರ ನನ್ನದೇ ಕೆಲಸ, ನೋಡಿದ್ರೆ ಗೊತ್ತಾಗ್ತದೆ. ಸ್ಕ್ರೂ ಬಿಚ್ಚಿ ಕಬ್ಬಿಣ ಬದಲಿಸುವ ಕೆಲಸ ನನಗೆ ಬರುವುದಿಲ್ಲ.”

ಹೇಳಿದ ಮೇಲೆ ಅವನಿಗೆ ಹಗುರವಾಯಿತು. ಅದೂ ಒಂದು ನಾಚಿಕೆಗೇಡು.

ಅಲಿಯವರು ಫೋನ್ ಮಾಡಿ, ಫಾಹಿಮ್‌ನನ್ನೂ ಕರೆದುಕೊಂಡು ಬಾ ಎಂದು ಗ್ಯಾವಿನ್‌ಗೆ ಹೇಳಿದರು. ತಾಳೆ ನೋಡಲು ಬೋಲ್ಟ್ ತರಲೆಂದು ತಾವು ಮನೆಗೆ ಹೋದರು. ಅಷ್ಟು ಹೊತ್ತೂ ಪ್ರೇಮನಾಥ ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅಚ್ಚಿನ ‘ಪಿ’ ಅಕ್ಷರದ ಸಂದಿಯಲ್ಲಿ ಏನೋ ಕೆಂಪು ಸಿಕ್ಕಿಕೊಂಡಿತ್ತು. ಕದ್ದ ಮಾಲಿನ ಹಳೆ ಪೈಂಟಿರಬೇಕು ಎಂದುಕೊಂಡ.

ಮಧ್ಯಾಹ್ನ ಎಲ್ಲರೂ ಸೇರಿದರು. ಫಾಹಿಮ್ ಬೋಲ್ಟಿನ ಹಿಡಿಯ ಮೇಲಿದ್ದ ನಂಬರನ್ನು ಬೆಳಕಿಗೆ ಹಿಡಿದು ಓದಿದ. ಕೋವಿಯ ಕಬ್ಬಿಣದ ಮೇಲಿನದನ್ನೂ ಓದಿದ. ಎರಡೂ ಒಂದೇ, ಅಂಕಿಗಳ ನಡುವಿನ ‘ಸಿ’ ಅಕ್ಷರವೂ ಸೇರಿ. ಬೋಲ್ಟು ಅಲಿಯವರ ಪೆಟ್ಟಿಗೆ ಬಿಟ್ಟು ಕದಲಿರಲಿಲ್ಲ, ಆದ್ದರಿಂದ ಕೋವಿಯೂ ಬದಲಾಗಿರಲಿಲ್ಲ. ಯುದ್ಧದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳು ಮಾಡಿದ್ದು ಸಾಲದೆ ಅಮೆರಿಕದ ಸ್ಯಾವೇಜ್ ಕಂಪೆನಿಯೂ ಅವರಿಗಾಗಿ ಇದೇ ಕೋವಿ ಮಾಡಿತು, ಎರವಲು ಕೊಟ್ಟ ಮಾಲಾದ್ದರಿಂದ ಅಮೆರಿಕದ ಸೊತ್ತೆಂದು ಅಚ್ಚು ಹಾಕಿತು, ನಂಬರಿನ ‘ಸಿ’ ಆ ಕಾರ್ಖಾನೆಯ ಊರು ಚಿಕೊಪಿಯ ಗುರುತು ಎಂದ ಫಾಹಿಮ್. ಅಲಿಯವರ ಅಜ್ಜ ಬದುಕಿನುದ್ದಕ್ಕೂ ಇಂಗ್ಲಿಷರದ್ದೆಂದು ಹೊತ್ತದ್ದು ಅಮೆರಿಕದವರ ಕೋವಿಯನ್ನು. ಅಲಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಪೈಂಟು ತೆಗೆದವರು ಯಾರು ಎಂದರೆ, ಗ್ಯಾವಿನ್ ಸಲೀಸಾಗಿ ಒಪ್ಪಿಕೊಂಡ.

“ಆಯುಧ ಪೂಜೆಗೆ ಇಲ್ಲಿರುವ ಕಬ್ಬಿಣ ಎಲ್ಲ ಕ್ಲೀನ್ ಮಾಡಿಡು ಅಂತ ನೀವೇ ಹೇಳಿದ್ದಲ್ವಾ ಪ್ರೇಮಣ್ಣ? ವರ್ಷವೂ ನಾನೇ ಮಾಡುವುದಲ್ವಾ? ನೀವು ಹೂ, ಕುಂಬಳಕಾಯಿ ತರ್ಲಿಕ್ಕೆ ದಾರ್ಸೈಟಿನ ಅಂಗಡಿಗೆ ಹೋಗಿದ್ರಿ. ಇದೂ ಆಯುಧವೇ ಅಲ್ವಾ ಅಂತ ಥಿನ್ನರ್ ಹಾಕಿ ಉಜ್ಜಿದೆ. ಅರ್ಬಾಬರದ್ದು, ಹೊರಗೆ ಇಡ್ಲಿಕ್ಕೆ ಆಗುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಒಂದು ಬೊಟ್ಟು ಇಟ್ಟು, ಒರಸಿ, ಪುನಃ ಸುತ್ತಿಟ್ಟೆ.”

ಸಂದಿಯ ಕೆಂಪು ಕುಂಕುಮವಾಗಿತ್ತು. ಪ್ರೇಮನಾಥನಿಗೆ ತಲೆಯೆತ್ತಲಾಗಲಿಲ್ಲ.

ತನ್ನನ್ನೇ ಯಾಕೆ ಕರೆಸಿದ್ದು ಎಂದು ಗ್ಯಾವಿನ್ ಅಲಿಯವರನ್ನು ಹಿಂದಿಯಲ್ಲಿ ಕೇಳಿದ. ಅಲಿಯವರು ಕೋವಿ ಎತ್ತಿಕೊಳ್ಳುತ್ತ, ನಗುವಿನಲ್ಲೇ, ಕಪಟವಿಲ್ಲದೆ ಹೇಳಿಬಿಟ್ಟರು: ಬದಲಾಯಿಸಿದ್ದು ನೀನೇ ಎಂದು ಪ್ರೇಮನಾಥ ಹೇಳಿದ, ಈಗ ಖಲಾಸ್, ಮದುವೆಗೆ ಇಬ್ಬರೂ ಬನ್ನಿ.

ಗ್ಯಾವಿನ್ ಜಗಳವಾಡಿದ್ದರೆ ಪ್ರೇಮನಾಥ ಕಾಲಿಗಾದರೂ ಬೀಳುತ್ತಿದ್ದ. ಆದರೆ ಗ್ಯಾವಿನ್ ಕಪಾಟಿನ ಕೀಯನ್ನು ಮೇಜಿನ ಮೇಲಿಟ್ಟು ತನ್ನ ಕೆಲಸಕ್ಕೆ ಹೋದ.

ಮರುದಿನ ಬೆಳಿಗ್ಗೆ ಪ್ರೇಮನಾಥನಿಗೆ ಒಂದು ಸಣ್ಣ ಸ್ಕ್ರೂಡ್ರೈವರ್ ಬೇಕಾಯಿತು. ಅಭ್ಯಾಸಬಲದಿಂದ ಗ್ಯಾವಿನ್‌ನ ಟೂಲ್‌ಬಾಕ್ಸಿಗೆ ಕೈಹಾಕಿದ. ಅದಕ್ಕೆ ಹೊಸ ಬೀಗ ಬಿದ್ದಿತ್ತು.