ಒಲೆಯ ಪಕ್ಕದ ಗುಡಾಣಗಳು

ಕೆಲವರ ಕೈಗುಣಕ್ಕೆ ಮಲ್ಲಿಗೆ ಬಳ್ಳಿ ಹಬ್ಬುತ್ತದೆ, ಕೆಲವರ ಕೈಗುಣಕ್ಕೆ ಒದೆಯುವ ಎಮ್ಮೆಯೂ ಹಾಲು ಇಳಿಸುತ್ತದೆ. ಲಿಂಗಯ್ಯನ ಕೈಗುಣಕ್ಕೆ ಜಿರಳೆ ಹೆಚ್ಚುತ್ತಿದ್ದವು.

ಪಿಂಚಣಿಯಾಗಿದ್ದ ಅಮಲ್ದಾರ್ ಚೆಲುವರಾಜು ಅವರ ಬಂಗಲೆ ಜಯಲಕ್ಷ್ಮಿಪುರಂನಲ್ಲಿತ್ತು. ಅದರ ಹಿತ್ತಲ ಒಂಟಿ ಕೋಣೆಯಲ್ಲಿ ಲಿಂಗಯ್ಯನೂ ಅವನ ಹೆಂಡತಿ ಭಾಗ್ಯಮ್ಮನೂ ಹನ್ನೊಂದು ವರ್ಷದಿಂದ ಇದ್ದರು. ಅಮಲ್ದಾರರಿಗೆ ಪ್ರಾಣಿಗಳ ಷೋಕಿ. ಹಜಾರದ ತಂತಿಬಲೆಯ ಪೆಟ್ಟಿಗೆಯಲ್ಲಿ ಮೂರು ಗೋಸುಂಬೆ, ಒಂದು ಉಡದ ಮರಿ, ಗಾಜಿನ ಜಾಡಿಯಲ್ಲಿ ಕರಿಚೇಳು. ಭಾನುವಾರ ಗೆಳೆಯರನ್ನು ಕರೆಸಿ ಕಾಫಿ ಕೊಟ್ಟು, ಗೋಸುಂಬೆ ಗೇಣುದ್ದ ನಾಲಿಗೆ ಎಸೆದು ಜಿರಳೆ ಎಳೆದುಕೊಳ್ಳುವುದನ್ನು ತೋರಿಸಿದರೆ ಆ ವಾರವೆಲ್ಲ ಅವರ ಮುಖ ಅರಳಿರುತ್ತಿತ್ತು. ಮೋರಿಯ ಹುಳ ಹಾಕುವಂತಿರಲಿಲ್ಲ. ಮಲೇರಿಯಾ ಇಲಾಖೆಯವರು ಬೀದಿಯಲ್ಲಿ ಡಿ.ಡಿ.ಟಿ. ಹೊಡೆದು ಹೋದ ವರ್ಷ ಮೋರಿಯ ಹುಳ ತಿಂದು ಒಂದು ಗೋಸುಂಬೆ ಸತ್ತಿತ್ತು. ಅಂದಿನಿಂದ ಸಾಕಿದ ಹುಳವೇ ಆಗಬೇಕು.

ಸಾಕುವುದೂ ಒಂದು ಕಸುಬೇ. ನಾಲ್ಕು ಮಣ್ಣಿನ ಗುಡಾಣ. ಒಳಗೆ ಹಳೆಯ ರಟ್ಟು, ಒಣಗಿದ ಗರಿ. ತಿನ್ನಲು ತೌಡು, ಬೆಲ್ಲ, ಬಾಳೆಹಣ್ಣಿನ ಸಿಪ್ಪೆ. ಹುಳ ಹತ್ತಿ ಬರದಂತೆ ಬಾಯಿಯ ಒಳಸುತ್ತಿಗೆ ಎಂಟು ದಿನಕ್ಕೊಮ್ಮೆ ಹರಳೆಣ್ಣೆ ಸವರಬೇಕು. ಹೆಣ್ಣು ಹುಳ ಹುರುಳಿಕಾಳಿನಂಥ ಮೊಟ್ಟೆಚೀಲವನ್ನು ಬಾಲದಲ್ಲಿ ಕಚ್ಚಿಸಿಕೊಂಡು ತಿರುಗುವಾಗ ಅದನ್ನು ಒತ್ತಿ ಹಿಡಿಯಬಾರದು. ಇಷ್ಟರ ಮೇಲೆ ಬೆಚ್ಚಗಿರಬೇಕು. ಛಳಿ ತಗುಲಿದರೆ ಮರಿಯಿಲ್ಲ. ಆದ್ದರಿಂದ ಕಾರ್ತಿಕ ಕಳೆಯುತ್ತಲೇ ಗುಡಾಣಗಳು ಕೋಣೆಯೊಳಗೆ, ಒಲೆಯ ಪಕ್ಕಕ್ಕೆ ಬರುತ್ತಿದ್ದವು. ಭಾಗ್ಯಮ್ಮನ ಚಾಪೆ ಅವುಗಳ ಪಕ್ಕಕ್ಕೆ.

ಅವಳಿಗೆ ಉಬ್ಬಸ. ಛಳಿಗಾಲದಲ್ಲಿ ಮಾತ್ರ ಬರುತ್ತದೆ, ಛಳಿಗೇ ಬರುತ್ತದೆ ಎಂದು ಲಿಂಗಯ್ಯ ನಂಬಿದ್ದ. ಕನ್ನಡ ಸೀಮೆಗಳೆಲ್ಲ ಕೂಡಿ ಒಂದೇ ರಾಜ್ಯವಾದ ವರ್ಷ ಧನುರ್ಮಾಸದಲ್ಲಿ ಅದು ಎಷ್ಟು ಬಿಗಿಯಿತೆಂದರೆ ಅವಳು ಮಾತಾಡಲಾರದೆ ಸನ್ನೆ ಮಾಡತೊಡಗಿದಳು. ಜಟಕಾ ಕಟ್ಟಿಸಿಕೊಂಡು ಲಷ್ಕರ್ ಮೊಹಲ್ಲಾದ ಹಕೀಮರ ಹತ್ತಿರ ಕರೆದೊಯ್ದ. ಹಕೀಮರು ನಾಡಿ ನೋಡಿದರು, ಮನೆಯಲ್ಲಿ ಏನೇನಿದೆ ಎಂದು ಕೇಳಿದರು. ಗುಡಾಣದ ಮಾತು ಬರುತ್ತಲೇ ಕೈ ಬಿಟ್ಟರು.

“ಆ ಹುಳದ ಪೊರೆ, ಹಿಕ್ಕೆ, ಎಲ್ಲಾ ಪುಡಿಯಾಗಿ ಉಸಿರಿಗೆ ಹೋಗ್ತದಪ್ಪ. ನನ್ನ ಮದ್ದು ಏನು ಮಾಡ್ತದೆ? ಹುಳ ಆಚೆಗಿರ್ಲಿ, ಇಲ್ಲಾ ಈಯಮ್ಮ ಆಚೆಗಿರ್ಲಿ.”

ಮರುದಿನ ಬೆಳಿಗ್ಗೆ ಲಿಂಗಯ್ಯ ಹಜಾರದ ಮೆಟ್ಟಿಲ ಕೆಳಗೆ ನಿಂತ.

“ಬುದ್ಧಿ, ನಿಮ್ಮ ಬಚ್ಚಲ ಹಂಡೆ ಒಲೆ ಯಾವಾಗಲೂ ಬೆಚ್ಚಗಿರ್ತದೆ. ಗುಡಾಣ ಅಲ್ಲಿಟ್ಕೊಂಡ್ರೆ...”

ಒಳಗಿನಿಂದ ಅಮ್ಮಾವ್ರು ಅಂಬುಜಮ್ಮ ನಕ್ಕರು. “ಕೇಳಿದ್ರಾ? ನಾನು ಜಿರಳೆ ಜೊತೆ ಸ್ನಾನ ಮಾಡ್ಬೇಕಂತೆ! ಬೆನ್ನು ಉಜ್ಜೋಕೂ ಜಿರಳೇನೇ ಕರೀಲಾ?”

ಅಮಲ್ದಾರರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಆ ಕೋಣೆ ಇರೋದು ಹುಳಕ್ಕೆ ಕಣೋ. ನೀವು ಅದರಲ್ಲಿ ಇದ್ದೀರಿ ಅಷ್ಟೆ. ಅವಳನ್ನ ಜಗಲೀಲಿ ಮಲಗಿಸು.”

ಹಾಗೇ ಮಾಡಿದ. ಜಗಲಿಗೆ ಗೋಣಿ ಕಟ್ಟಿದ. ಮೂರು ದಿನಕ್ಕೆ ಅವಳಿಗೆ ಜ್ವರ ಬಂತು.

“ಸುಖವಾಗವೆ ಕಣಪ್ಪ ನಿನ್ನ ಮಕ್ಳು,” ಎಂದಳು ಭಾಗ್ಯಮ್ಮ, ಒಳಗಿನ ಗುಡಾಣಗಳನ್ನು ನೋಡುತ್ತ. ಅವರಿಗೆ ಮಕ್ಕಳಿರಲಿಲ್ಲ.

ಆ ಮಾತು ಲಿಂಗಯ್ಯನಿಗೆ ನಾಟಿತು. ಎದ್ದು ಒಂದೊಂದೇ ಗುಡಾಣ ಹೊತ್ತು ಸೌದೆ ಕೊಟ್ಟಿಗೆಯ ಮರೆಗಿಟ್ಟ, ಹುಲ್ಲು ಹೊದಿಸಿದ. ಕೋಣೆ ಗುಡಿಸಿ ನೆಲ ಸಾರಿಸಿ ಹೆಂಡತಿಯನ್ನು ಒಲೆಯ ಪಕ್ಕ ಮಲಗಿಸಿದ. ಯಜಮಾನರಿಗೆ ಹೇಳಲಿಲ್ಲ. ಹುಲ್ಲಿದೆಯಲ್ಲ, ಹುಳ ತಡೆದುಕೊಳ್ಳುತ್ತದೆ ಎಂದುಕೊಂಡ. ಹತ್ತು ದಿನಕ್ಕೆ ಅವಳ ಎದೆಯ ಸೀಟಿ ಇಳಿಯಿತು. ಒಂದು ದಿನ ತಾನೇ ಎದ್ದು ಮುದ್ದೆ ತೊಳಸಿದಳು. ಗುಡಾಣಗಳಲ್ಲಿ ಮರಿಗಳು ಸಾಯುತ್ತಿದ್ದವು.

ಛಳಿ ಇನ್ನೂ ಹೆಚ್ಚಿದ್ದ ಆ ಭಾನುವಾರ ಬೆಂಗಳೂರಿಂದ ನಾಲ್ಕು ಮಂದಿ ಬಂದಿದ್ದರು. ಲಿಂಗಯ್ಯ ಹುಳ ತಂದು ಬಲೆಯೊಳಗೆ ಸುರಿದ. ಛಳಿಗೆ ಮರಗಟ್ಟಿದ ಹುಳ ಬಿದ್ದಲ್ಲೇ ಬಿದ್ದವು. ಅಲುಗದ್ದನ್ನು ಗೋಸುಂಬೆ ತಿನ್ನುವುದಿಲ್ಲ. ಕಣ್ಣು ತಿರುಗಿಸಿ ತಿರುಗಿಸಿ ನೋಡಿ ಸುಮ್ಮನಾಯಿತು.

“ಏನ್ರೀ ಅಮಲ್ದಾರ್ರೆ, ನಿಮ್ಮ ಗೋಸುಂಬೆ ಇವತ್ತು ಏಕಾದಶಿ ಮಾಡ್ತಾ ಇದೆಯೋ?” ಎಂದರು ಒಬ್ಬರು. ಎಲ್ಲರೂ ನಕ್ಕರು.

ಚೆಲುವರಾಜು ಅವರೂ ನಕ್ಕರು. ನಗುತ್ತಲೇ ಎದ್ದು ಹಿತ್ತಲಿಗೆ ಬಂದರು. ಲಿಂಗಯ್ಯ ಹಿಂದೆಯೇ ಓಡಿದ. ಕೊಟ್ಟಿಗೆಯ ಮರೆಯ ಹುಲ್ಲನ್ನು ಅವರು ಕಾಲಿನಿಂದ ಸರಿಸಿದರು, ಗುಡಾಣದ ಮೇಲೆ ಅಂಗೈ ಇಟ್ಟರು, ಕೋಣೆಯೊಳಗೆ ಇಣುಕಿದರು. ಭಾಗ್ಯಮ್ಮ ಕಂಬಳಿ ಹೊದ್ದು ಒರಗಿದ್ದಳು.

“ಬೆಚ್ಚಗಿದೆಯೇನಮ್ಮ?”

ಅವಳು ಗಾಬರಿಯಿಂದ ಏಳಹೋದಳು. “ಏಳಬೇಡ, ಏಳಬೇಡ,” ಎಂದರು. ತುಂಬಿದ ಗುಡಾಣವೊಂದನ್ನು ತಾವೇ ಎತ್ತಿ ತಂದು ಅವಳ ಕಂಬಳಿಯ ಮೇಲೆ ಬೋರಲು ಹಾಕಿದರು. ಹುಳ, ಹಿಕ್ಕೆ, ಪೊರೆ, ರಟ್ಟು ಎಲ್ಲವೂ ಅವಳ ಎದೆಯ ಮೇಲೆ ಬಿತ್ತು. ದೂಳು ಕೋಣೆ ತುಂಬಿತು. “ಅವೂ ಕಾಸ್ಕೊಳ್ಳಲಿ.”

ಒಲೆಯ ಕಾವಿಗೋ ಅವಳ ಮೈಯ ಕಾವಿಗೋ ಸ್ವಲ್ಪ ಹೊತ್ತಿಗೆ ಒಂದೊಂದೇ ಮೀಸೆ ಆಡಿತು. ಆಮೇಲೆ ಎಲ್ಲವೂ ಹರಿಯತೊಡಗಿದವು. ಕುತ್ತಿಗೆಗೆ, ಕೂದಲಿಗೆ. ಭಾಗ್ಯಮ್ಮನ ಬಾಯಿ ತೆರೆದೇ ಇತ್ತು, ಉಸಿರು ಒಳಕ್ಕೆ ಹೋಗುತ್ತಿರಲಿಲ್ಲ.

“ಒಂದು ತಪ್ಪಿಸ್ಕೊಂಡ್ರೂ ಇವತ್ತೇ ಕೋಣೆ ಖಾಲಿ,” ಎಂದರು ಯಜಮಾನರು ಬಾಗಿಲಲ್ಲಿ ನಿಂತು.

ಲಿಂಗಯ್ಯ ಮಂಡಿಯೂರಿದ. ಹೆಂಡತಿಯನ್ನು ಎತ್ತಿ ಆಚೆಗೆ ತರಬೇಕೆಂದೇ ಅವನ ಮನಸ್ಸಿನಲ್ಲಿದ್ದದ್ದು. ಆದರೆ ಕೈ ಹೋದದ್ದು ಹುಳಕ್ಕೆ. ಬಾಗಿಲ ಕಡೆ ಓಡುವವನ್ನು ಮೊದಲು ಹಿಡಿದ, ಆಮೇಲೆ ಗೋಡೆ ಹತ್ತಿದವನ್ನು, ಆಮೇಲೆ ಕಂಬಳಿಯ ಮಡಿಕೆಯವನ್ನು. ಗುಡಾಣ ಅರ್ಧ ತುಂಬಿತು. ಅವಳ ಕಡೆ ನೋಡಲಿಲ್ಲ. ಅವಳೇ ಅವನ ಮೊಣಕೈ ತಟ್ಟಿದಳು.

“ಇಲ್ಲೊಂದದೆ... ಸೆರಗಲ್ಲಿ,” ಎಂದಳು, ಒಂದೊಂದು ಮಾತಿಗೂ ಸೀಟಿ ಊದುತ್ತ. “ಮೊಟ್ಟೆ ಹೊತ್ತದೆ. ಮೆತ್ತಗೆ ಹಿಡಿ.”

ಮೆತ್ತಗೇ ಹಿಡಿದ. ಎರಡೇ ಬೆರಳಲ್ಲಿ, ಮೊಟ್ಟೆಚೀಲಕ್ಕೆ ತಾಗದಂತೆ ಎತ್ತಿ ಒಳಗೆ ಬಿಟ್ಟ.

“ನಾಲ್ಕು ಜೋರಾಗಿ ಓಡೋವು ತಗೊಂಬಾ,” ಎಂದು ಯಜಮಾನರು ಮುಂದೆ ಹೋದರು. ಲಿಂಗಯ್ಯ ತೆಗೆದುಕೊಂಡು ಹೋದ. ಗೋಸುಂಬೆ ನಾಲಿಗೆ ಎಸೆಯಿತು, ಬೆಂಗಳೂರಿನವರು ಚಪ್ಪಾಳೆ ತಟ್ಟಿದರು, ಇನ್ನೊಂದು ಬಿಡು ಎಂದರು. ಬಿಟ್ಟ.

ಅವನು ತಿರುಗಿ ಬಂದಾಗ ಭಾಗ್ಯಮ್ಮ ಹಿತ್ತಲ ಗೇಟು ಹಿಡಿದು ನಿಂತಿದ್ದಳು. ಕಂಬಳಿ ಬಿಟ್ಟು ಬಂದಿದ್ದಳು.

“ಎಲ್ಲಿಗೆ ಕಣಮ್ಮಿ?”

“ಕುಂಬಾರಕೊಪ್ಪಲಿಗೆ. ತಂಗಿ ಮನೆಗೆ.”

“ನಿಲ್ಲು, ನಾನೂ ಬತ್ತೀನಿ.”

“ನೀನು ಬಂದ್ರೆ ಅವಕ್ಕೆ ತೌಡು ಹಾಕೋರು ಯಾರು?” ಎಂದಳು. ಅಣಕವಿರಲಿಲ್ಲ, ನಿಜವಾಗಿಯೂ ಕೇಳಿದಂತಿತ್ತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ ಬೀದಿಯ ತಿರುವಿನಾಚೆಗೆ ಹೋದಳು.

ಲಿಂಗಯ್ಯ ಒಳಗೆ ಬಂದು ಚಾಪೆ ಸುತ್ತಿಟ್ಟ. ನಾಲ್ಕು ಗುಡಾಣಗಳನ್ನೂ ತಂದು ಒಲೆಯ ಸುತ್ತ ಇಟ್ಟ. ಈಗ ಜಾಗ ಬೇಕಾದಷ್ಟಿತ್ತು.