ಅಕ್ಕನ ವರದಿ ತೆರೆಯುತ್ತಿಲ್ಲ

ಪರದೆಯ ಮೂಲೆಯಲ್ಲಿ ಬೆರಳಿನ ಗುರುತು, ಇಷ್ಟು ದಿನ ಕಂಡೇ ಇರಲಿಲ್ಲ, ಪುಟ ಇಷ್ಟು ಬಿಳಿಯಾಗಿದ್ದರೆ ಕಾಣದೆ ಏನು ಮಾಡೀತು, ತೋಳಿನಿಂದ ಒರೆಸಿದಳು, ರಿಫ್ರೆಶ್ ಒತ್ತಿದಳು, ಮತ್ತೆ ಬಿಳಿ, ಒಂದಕ್ಷರವಿಲ್ಲ, ಕ್ಷಮಿಸಿ ಎನ್ನುವ ಸೌಜನ್ಯವೂ ಇಲ್ಲ — ಆಸ್ಪತ್ರೆಯ ಲ್ಯಾಬ್ ವರದಿ ತೋರಿಸುವ ಈ ಕಂಪ್ಯೂಟರ್ ಸ್ಕ್ರಿಪ್ಟು ಅವಳೇ ಬರೆದದ್ದು, ಆರು ವರ್ಷದ ಕೂಸು, ಇವತ್ತೇ ಮೊಂಡಾಟ ಮಾಡಬೇಕೆ, ಅಕ್ಕ ಬೆಳಗ್ಗೆಯಿಂದ ಮೂರು ಸಲ ಫೋನು ಮಾಡಿದ್ದಾಳೆ, ನನ್ನ ನಂಬರ್ ಹಾಕಿದ್ರೆ ಏನೂ ಬರ್ತಿಲ್ಲ ಕಣೇ, ನಿನ್ನ ಅಡುಗೆ ಥರಾನೇ ಇದೆ ನಿನ್ನ ಸೈಟು, ಅಕ್ಕ ನಕ್ಕಳು, ಆ ನಗು ಅರ್ಧಕ್ಕೇ ನಿಂತಿತು, ಅವಳ ಕಂಕುಳ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿ ಇವತ್ತಿಗೆ ಒಂಬತ್ತು ದಿನ. ದೋಷದ ಸಂದೇಶಗಳನ್ನು ರೋಗಿಗಳಿಗೆ ಕಾಣದಂತೆ ಅಡಗಿಸಿಟ್ಟಿದ್ದಳಲ್ಲ, ಅದನ್ನು ಬಿಚ್ಚಿದಳು, ಏನೂ ಇಲ್ಲ, ದೋಷಗಳು ದಾಖಲಾಗುವ ಲಾಗ್ ಕಡತ ನೋಡಿದಳು, ನಿನ್ನೆಯಿಂದ ಒಂದು ದೂರೂ ಇಲ್ಲ, ಸ್ಕ್ರಿಪ್ಟಿನಲ್ಲಿ ಎಲ್ಲೋ ಅರ್ಧವಿರಾಮ ಬಿಟ್ಟಿರಬೇಕು, ಬಿಟ್ಟಿಲ್ಲ, ಡಿಸ್ಕು ತುಂಬಿರಬೇಕು, ತುಂಬಿಲ್ಲ, ಅಕ್ಕನದಕ್ಕಿಂತ ಒಂದು ಕಡಿಮೆಯ ನಂಬರು ಹಾಕಿದಳು, ಯಾರದೋ ರಕ್ತದ ಸಕ್ಕರೆ ಲಕ್ಷಣವಾಗಿ ತೆರೆದುಕೊಂಡಿತು, ಮುಂದಿನದು, ಅದೂ, ಅಕ್ಕನದು — ಬಿಳಿ.

ಚಿಕ್ಕಂದಿನಿಂದ ಅಕ್ಕ ಹೀಗೇ, ಮೆಟ್ಟಿಲಿಂದ ಬಿದ್ದು ಮೊಣಕೈ ಮುರಿದಾಗಲೂ ಏನೂ ಇಲ್ಲ ಹೋಗೇ ಎಂದು ಗೋಡೆ ಕಡೆ ತಿರುಗಿ ಮಲಗಿದವಳು, ಇವಳೇ ಹೋಗಿ ಅಮ್ಮನಿಗೆ ಚಾಡಿ ಹೇಳಿದ್ದು, ಅದೆಲ್ಲ ಈಗೇಕೆ, ಸ್ಕ್ರಿಪ್ಟನ್ನೇ ಸಾಲು ಸಾಲಾಗಿ ಓದೋಣ, ನೂರು, ನೂರಾ ಹತ್ತು, ನೂರಾ ಹನ್ನೆರಡು, ಕೈ ನಿಂತಿತು — ವರದಿಯಲ್ಲಿ ಕ್ಯಾನ್ಸರ್ ಅಂತಿದ್ರೆ ನೇರವಾಗಿ ತೋರಿಸ್ಬೇಡಿ, ಒಬ್ಬರೇ ಕೂತು ಓದೋ ವಿಷಯ ಅಲ್ಲ ಅದು, ಒಂದು ಮೆತ್ತಗಿನ ಮಾತು ಹಾಕಿ, ಮಾತು ನಾನೇ ಬರೆದು ಕಳಿಸ್ತೀನಿ, ಹೋದ ತಿಂಗಳು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದು, ಅವರು ಕಳಿಸಲಿಲ್ಲ, ಇವಳು ಕ್ಯಾನ್ಸರ್ ಇದ್ದರೆ ಎಂಬ ಷರತ್ತು ಬರೆದು ಮಾತಿನ ಜಾಗ ಖಾಲಿ ಬಿಟ್ಟಳು, ನಿನ್ನೆ ಉಳಿದ ತಿದ್ದುಪಡಿಗಳ ಜೊತೆ ಅದನ್ನೂ ಸರ್ವರಿಗೆ ಏರಿಸಿದಳು, ಮರೆತಳು. ಸ್ಕ್ರಿಪ್ಟು ಕೆಟ್ಟಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ. ಬೆರಳುಗಳು ಅಭ್ಯಾಸಬಲದಿಂದ ಕರ್ಸರನ್ನು ಆ ಖಾಲಿ ಜಾಗದಲ್ಲಿ ಇಟ್ಟವು, ಒಂದು ಮೆತ್ತಗಿನ ಮಾತು, ದಯವಿಟ್ಟು ವೈದ್ಯರನ್ನು — ಅಳಿಸಿದಳು, ನಿಮ್ಮ ವರದಿ ಬಂದಿದೆ — ಅಳಿಸಿದಳು, ಫೋನು, ಅಕ್ಕ, ಸರಿ ಹೋಯ್ತೇನೇ, ಹಲೋ, ಕೇಳಿಸ್ತಿದ್ಯಾ, ನಂದಿನ್ನೂ ಬಿಳೀನೇ ಇದೆ, ಬಿಳಿ, ಅಕ್ಕನ ಅಂಗೈಯಲ್ಲಿ, ಅಕ್ಕನ ಮುಖದ ಮೇಲೆ, ಬಿಳಿ —